ಎರಡು ಕೋಲಿನ ರಾಜ

ಪೆಟ್ರೋಲಿಗಾಗಿ ಗ್ಯಾಸ್ ಸ್ಟೇಷನ್ನುಗಳ ಮುಂದೆ ಕಾರುಗಳು ಗಂಟೆಗಟ್ಟಲೆ ಸಾಲು ನಿಲ್ಲುತ್ತಿದ್ದ ಆ ಚಳಿಗಾಲದಲ್ಲಿ ನಾನು ರಾಜನಾದೆ. ನ್ಯೂಜೆರ್ಸಿಯ ನಮ್ಮ ಪುಟ್ಟ ಕನ್ನಡ ಸಂಘಕ್ಕೆ ಅಧ್ಯಕ್ಷನಾಗಿದ್ದು ಸಾಲದೆಂದು ಯುಗಾದಿಗೆ ನಾಟಕವನ್ನೂ ಬರೆದೆ. ರಾಜನ ಪಾತ್ರಕ್ಕೆ ಬೇರೆ ಯಾರೂ ಒಪ್ಪಲಿಲ್ಲ. ನನ್ನ ಕರ್ಮ!

ಸಂಘದಲ್ಲಿ ಮೈಸೂರಿನವರು, ಧಾರವಾಡದವರು ಎಂದು ಎರಡು ಗುಂಪು. ಊಟಕ್ಕೆ ರೊಟ್ಟಿಯೋ ಬಿಸಿಬೇಳೆಬಾತೋ ಎಂಬ ಜಗಳಕ್ಕೇ ಸಂಘ ಒಮ್ಮೆ ಒಡೆಯುವುದರಲ್ಲಿತ್ತು. ನಾನು ಮೈಸೂರಿನವನು, ಹೆಂಡತಿ ಧಾರವಾಡದವಳು. ಮನೆಯಲ್ಲಿ ಆಗಿದ್ದು ಸಂಘದಲ್ಲೇಕೆ ಆಗಬಾರದು ಎಂದು ಎರಡು ವರ್ಷ ಫೋನಿನಲ್ಲಿ ಗಂಟಲು ಹರಿದುಕೊಂಡಿದ್ದೆ. ನಾಟಕದ ಕಥೆಯೂ ಅದಕ್ಕೇ ಹೊಂದುವಂಥದ್ದು. ಹಿಂದಿನ ಕಾಲದ ಒಬ್ಬ ರಾಜ, ಅವನ ನಾಡಿನಲ್ಲಿ ಸೀಮೆಗೊಂದು ಅಳತೆ. ಹೊಲ ಅಳೆಯುವ ಹಳೆಯ ಕೋಲುಗಳನ್ನೆಲ್ಲ ಮುರಿಸಿ, ಎಲ್ಲರಿಗೂ ಒಂದೇ ಹೊಸ ಕೋಲು ಕೊಡುತ್ತಾನೆ. ನಾಟಕ ಗೆದ್ದರೆ ಸಂಘ ಉಳಿಯುತ್ತದೆಂದು ನಿಜವಾಗಿಯೂ ನಂಬಿದ್ದೆ.

ಕಾರಿಗೆ ಗ್ಯಾಸ್ ಸಿಗದೆ ತಾಲೀಮು ಎರಡು ಕಡೆ ನಡೆಯಿತು. ಮೈಸೂರಿನವರದು ಫೋರ್ಟ್ ಲೀಯ ಅಪಾರ್ಟ್‌ಮೆಂಟಿನಲ್ಲಿ, ಧಾರವಾಡದವರದು ಎಡಿಸನ್ನಿನ ಬೇಸ್‌ಮೆಂಟಿನಲ್ಲಿ. ಆಫೀಸು ಮುಗಿಸಿ ಎರಡೂ ಕಡೆ ಓಡಾಡಿ ಹೈರಾಣಾದೆ. ನಾಟಕಕ್ಕೆ ಬೇಕಾದ ಹೊಸ ಕೋಲನ್ನು ಯಾರು ಮಾಡುತ್ತೀರಿ ಎಂದರೆ ಎರಡೂ ಕಡೆಯವರು "ಅದನ್ನ ನಮಗೆ ಬಿಡಿ" ಅಂದರು. ಇವರಿಗೆ ಅವರ ಮೇಲೆ ನಂಬಿಕೆಯಿಲ್ಲ, ಅವರಿಗೆ ಇವರ ಮೇಲಿಲ್ಲ. ಇನ್ನೊಮ್ಮೆ ವಿಚಾರಿಸುವ ತ್ರಾಣ ನನಗಿರಲಿಲ್ಲ.

ಯುಗಾದಿಯ ದಿನ ಸ್ಕೂಲಿನ ಸಭಾಂಗಣ ತುಂಬಿತ್ತು. "ಇನ್ನು ನಾಡಿಗೆಲ್ಲ ಒಂದೇ ಕೋಲು!" ಎಂದು ಗುಡುಗಿದೆ. ಎಡದಿಂದ ಒಬ್ಬ ಮಂತ್ರಿ ಬಂದ, ಬಲದಿಂದ ಇನ್ನೊಬ್ಬ. ಇಬ್ಬರ ಕೈಯಲ್ಲೂ ಜರಿ ಕಾಗದ ಸುತ್ತಿದ ಕೋಲು! ಒಂದು ಇನ್ನೊಂದಕ್ಕಿಂತ ಗೇಣುದ್ದ ಹೆಚ್ಚು. ಜನ ಬಿದ್ದು ಬಿದ್ದು ನಕ್ಕರು. ನಾನು ಗಡಿಬಿಡಿಯಲ್ಲಿ ಒಂದನ್ನು ಕಿತ್ತುಕೊಂಡು ಎತ್ತಿ ಹಿಡಿದೆ. ಚಪ್ಪಾಳೆ ಬಿತ್ತು. ಸದ್ಯ, ಬಚಾವಾದೆ ಅಂದುಕೊಂಡೆ.

ನಾಟಕ ಮುಗಿಸಿ ಹೆಂಡತಿಯೊಂದಿಗೆ ಕಾರು ಹತ್ತಿದೆ.

"ಹೇಗಿತ್ತೇ?" ಎಂದೆ.

"ಬಲಕ್ಕ ನಿಂತಾಂವ ನಮ್ಮಾಂವ. ನಿಮ್ಮ ಮಗ್ಗಲದಾಗ ಇದ್ದ. ಅವನ್ನ ಬಿಟ್ಟು ಎಡಕ್ಕ ಹೋಗಿ ನಿಮ್ಮ ಮೈಸೂರವರ ಕೋಲು ಹಿಡದ್ರಿ."

"ಕೈಗೆ ಸಿಕ್ಕಿದ್ದು ಹಿಡಿದೆ ಕಣೇ."

"ಚಪ್ಪಾಳಿ ಯಾರು ಹೊಡದ್ರು, ನೋಡಿದ್ರೇನು?"

ನಾನು ನೋಡಿರಲಿಲ್ಲ. ನನಗೆ ನಾಚಿಕೆಯಾಯಿತು.

ಮುಂದಿನ ವರ್ಷ ಯುಗಾದಿ ಎರಡು ಕಡೆ ನಡೆಯಿತು. ನಾವಿಬ್ಬರೂ ಮನೆಯಲ್ಲೇ ಉಳಿದೆವು.