ಬನ್ನಮ್ಮನ ಕಿವಿ

ಬನ್ನಮ್ಮ ಫುಟ್‌ಬಾಲ್ ನೋಡಿದವಳಲ್ಲ, ಕೇಳಿದವಳು. ಅವಳ ಬೇಕರಿಯ ಹಿಂಬಾಗಿಲು ತೆಗೆದರೆ ಎದುರಿಗೇ ಕ್ಲಬ್ಬಿನ ಮೈದಾನದ ಗೋಡೆ. ನಡುವೆ ಒಂದು ಕೈಗಾಡಿ ಹೋಗುವಷ್ಟು ಓಣಿ. ಮದುವೆಯಾಗಿ ಬಂದ ದಿನದಿಂದ ತಲೆ ಬೆಳ್ಳಗಾಗುವ ತನಕ ಆ ಗೋಡೆಯ ಆಚೆ ಅವಳು ಕಾಲಿಟ್ಟಿರಲಿಲ್ಲ. ಆಸೆ ಇರಲಿಲ್ಲವೆಂದಲ್ಲ. ಆಟ ಮುಗಿಯುವ ಹೊತ್ತಿಗೇ ಬನ್ನು ಭಟ್ಟಿಯಿಂದ ಇಳಿಯಬೇಕಲ್ಲ, ಇನ್ನು ಅವಳು ಹೋಗುವುದಾದರೂ ಯಾವಾಗ?

ಹೆತ್ತವರು ಇಟ್ಟ ಹೆಸರು ಬೇರೆಯೇ ಇತ್ತು. ಅದನ್ನು ಓಣಿಯ ಜನ ಎಂದೋ ನುಂಗಿ ನೀರು ಕುಡಿದಿದ್ದರು. ಪಕ್ಕದ ಅಂಗಡಿಯಲ್ಲಿ ಕ್ಲಬ್ಬಿನ ಬಾವುಟ ಹೊಲಿಯುವ ದರ್ಜಿಗೆ ಅವಳನ್ನು ರೇಗಿಸದಿದ್ದರೆ ತಿಂದದ್ದು ಅರಗುತ್ತಿರಲಿಲ್ಲ.

"ಅಕ್ಕಾ, ಹಳೇ ಪುಸ್ತಕದಲ್ಲಿ ಬನ್ನ ಅಂದ್ರೆ ಕಷ್ಟ, ಸೋಲು ಅಂತ ಅರ್ಥ ಇದೆ. ಗೊತ್ತಾ ನಿಮ್ಗೆ?"

"ನನ್ನ ಅಂಗಡೀಲಿ ಬನ್ನು ಅಂದ್ರೆ ಬೆಣ್ಣೆ ಹಚ್ಕೊಂಡು ತಿನ್ನೋದು. ತಿಂದು ಬಾಯಿ ಮುಚ್ಕೊಂಡು ಹೊಲಿ ಹೋಗು," ಎನ್ನುತ್ತಿದ್ದಳು ಬನ್ನಮ್ಮ.

ಅವಳು ಹೊಸ ಸೊಸೆಯಾಗಿದ್ದಾಗಿನ ಮಾತು. ಮೊದಲ ಭಾನುವಾರ ಹಿಟ್ಟು ನಾದುತ್ತ ನಿಂತಿದ್ದಾಗ ಗೋಡೆಯಾಚೆ ಸಾವಿರಾರು ಗಂಟಲು ಒಮ್ಮೆಲೇ ಕೂಗಿದವು. ಕಟ್ಟಡವೇ ಕುಸಿಯಿತೆಂದುಕೊಂಡ ಹುಡುಗಿ ಟ್ರೇ ಬಿಸಾಕಿ ಮಂಚದ ಕೆಳಗೆ ನುಗ್ಗಿದಳು. ಅತ್ತೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕು, ಕೈ ಹಿಡಿದು ಎಳೆದು ತಂದು ಹಿಂಬಾಗಿಲಲ್ಲಿ ನಿಲ್ಲಿಸಿದಳು.

"ಹೆದರ್ಬೇಡ. ಕೇಳೋದು ಕಲಿ. ಕೂಗು ಏರಿ ಏರಿ ಪಟಾರಂತ ಒಡೀತು ಅಂದ್ರೆ ಗೋಲು, ನಮ್ದು. ಏರಿ, ಅಯ್ಯೋ ಅಂತ ಇಳೀತು ಅಂದ್ರೆ ತಪ್ಪಿಹೋಯ್ತು."

"ಸುಮ್ನಾಗ್ಬಿಟ್ರೆ ಅತ್ತೆ?"

"ಸುಮ್ನಾದ್ರೆ ನಮಗೇ ಬಿತ್ತು ಅಂತ. ಆಗ ಹಿಟ್ಟು ಮುಚ್ಚಿಡು."

ಇದು ಹುಡುಗಾಟದ ಪಾಠವಲ್ಲ, ಅನ್ನದ ಪಾಠ. ಗೆದ್ದವನ ಹೊಟ್ಟೆಗೆ ತಳವಿರುವುದಿಲ್ಲ. ಓಣಿಯಲ್ಲೇ ನಿಂತು, ಆಡಿದ ಆಟವನ್ನೇ ಇನ್ನೊಮ್ಮೆ ಬಾಯಲ್ಲಿ ಆಡುತ್ತ, ಬನ್ನಿನ ಮೇಲೆ ಬನ್ನು ತಿನ್ನುತ್ತಾನೆ. ಸೋತವನು ತಲೆ ತಗ್ಗಿಸಿಕೊಂಡು ನೆಟ್ಟಗೆ ಮನೆಗೆ ಹೋಗುತ್ತಾನೆ. ಉಂಡೆ ಕಟ್ಟಿಟ್ಟ ಹಿಟ್ಟಾದರೋ ಯಾರಿಗೂ ಕಾಯುವುದಿಲ್ಲ, ಬೆಳಗಾಗುವುದರೊಳಗೆ ಹುಳಿ ಬರುತ್ತದೆ. ಬೆಂದ ಬನ್ನು ಉಳಿದರೂ ನಷ್ಟವೇ. ಹಾಗಾಗಿ ಎಷ್ಟು ಟ್ರೇ ಭಟ್ಟಿಗೆ ತಳ್ಳಬೇಕೆಂಬುದನ್ನು ಆಟ ಇನ್ನೂ ನಡೆಯುತ್ತಿರುವಾಗಲೇ ಕಿವಿ ಹೇಳಬೇಕು. ವಾರದ ಉಳಿದ ದಿನಗಳ ಚಿಲ್ಲರೆ ಮಾರಾಟ ಸೌದೆಗೂ ಸಾಲದು. ಆ ಮನೆ ನಡೆದದ್ದು, ಮಗಳ ಶಾಲೆ, ಮದುವೆ ಎಲ್ಲ ನಡೆದದ್ದು ಆಟದ ದಿನಗಳ ಮೇಲೆ.

ಕ್ರಮೇಣ ಸೊಸೆಯ ಕಿವಿ ಅತ್ತೆಯ ಕಿವಿಯನ್ನು ಮೀರಿಸಿತು. ದರ್ಜಿ, ಸೈಕಲ್ ಸ್ಟ್ಯಾಂಡಿನವನು, ಚಹಾದವನು ಎಲ್ಲರೂ ಹಿಂಬಾಗಿಲಿಗೆ ಬಂದು "ಅಕ್ಕಾ, ಏನಂತೆ?" ಎಂದು ಕೇಳಿಕೊಂಡೇ ತಮ್ಮ ತಮ್ಮ ಸಾಮಾನು ಹೊರಗಿಡುತ್ತಿದ್ದರು.

ಗಂಡನಿಗೆ ಆಟದ ಹುಚ್ಚು. ಭಟ್ಟಿ ಹೊತ್ತಿಸಿಕೊಟ್ಟು ಹೋದವನು ಮುಗಿದ ಮೇಲೆಯೇ ಮನೆ ನೆನೆಯುತ್ತಿದ್ದ. ಸಂಜೆ ಬಿದ್ದುಹೋದ ಗಂಟಲಲ್ಲಿ, ಉಳಿದ ಬನ್ನುಗಳನ್ನೇ ಆಟಗಾರರನ್ನಾಗಿ ಮೇಜಿನ ಮೇಲೆ ಜೋಡಿಸಿ, ಯಾರು ಯಾರಿಗೆ ಕೊಟ್ಟರು, ಯಾರು ಒದ್ದರು ಎಂದು ಅವಳಿಗೆ ತೋರಿಸುತ್ತಿದ್ದ. ಕೊನೆಗೆ ಗೋಲು ಹೊಡೆದ ಬನ್ನನ್ನು ತಾನೇ ತಿಂದುಬಿಡುತ್ತಿದ್ದ.

"ಮುಂದಿನ ಸಲ ನಿನ್ನನ್ನೂ ಕರ್ಕೊಂಡು ಹೋಗ್ತೀನಿ ಕಣೇ."

"ಹೌದೌದು. ಬನ್ನು ನಿಮ್ಮ ಕ್ಲಬ್ಬಿನವ್ರು ಬಂದು ಸುಡ್ತಾರೆ."

"ಆಟ ಒಂದು ನೆಪ ಕಣೇ. ಜನ ಬರೋದು ನಿನ್ನ ಬನ್ನಿಗೆ."

ಹೆಂಡತಿಯನ್ನು ಒಲಿಸಿಕೊಳ್ಳುವ ಮಾತು ಇದೆಂದು ಯಾರಿಗಾದರೂ ಗೊತ್ತಾಗುತ್ತದೆ. ಅವಳಿಗೂ ಗೊತ್ತಿತ್ತು. ಆದರೆ ಕೇಳುತ್ತ ಕೇಳುತ್ತ ಅರ್ಧ ನಂಬಿದಳು. ಒಂದು ಚಳಿಗಾಲ ಎದೆಯಲ್ಲಿ ಕಫ ಕಟ್ಟಿ ಅವನು ಹೋದ ಮೇಲೆ ಪೂರ್ತಿ ನಂಬಿದಳು. ಅವನು ಬಿಟ್ಟುಹೋದದ್ದರಲ್ಲಿ ಅವಳು ತನ್ನದೆಂದು ಗಟ್ಟಿಯಾಗಿ ಹಿಡಿದುಕೊಂಡದ್ದು ಆ ಒಂದು ಮಾತನ್ನೇ.

ಆಮೇಲೆ ಕ್ಲಬ್ಬು ಊರಾಚೆಗೆ ಹೋಗುತ್ತದೆಂಬ ಸುದ್ದಿ ಬಂತು. ಹೆದ್ದಾರಿ ಪಕ್ಕದಲ್ಲಿ ಹೊಸ ಮೈದಾನವಂತೆ, ತಿಂಡಿ ಅಂಗಡಿಗಳೂ ಒಳಗೇ ಅಂತೆ, ಹೊರಗಿನ ತಿಂಡಿ ಒಯ್ಯುವಂತಿಲ್ಲವಂತೆ. ದರ್ಜಿ ಅಂದು ರೇಗಿಸಲಿಲ್ಲ. ತಲೆ ಮೇಲೆ ಕೈ ಹೊತ್ತು ಕೂತುಬಿಟ್ಟ. ಪಕ್ಕದ ಬೀದಿಗೆ ಮದುವೆಯಾಗಿ ಹೋಗಿದ್ದ ಮಗಳು ದಿನವೂ ಬಂದು ಕೈಜೋಡಿಸುತ್ತಿದ್ದಳು. ಮಾತು ತೆಗೆದವಳು ಅವಳೇ.

"ಅಂಗಡಿ ಮುಚ್ಚಿ ನಮ್ಮನೇಗೆ ಬಂದ್ಬಿಡಮ್ಮ. ಬೆಲ್ಲ ಇರೋ ಕಡೆ ಇರುವೆ ಹೋಗುತ್ತೆ."

"ಹೋಗ್ಲಿ ಬಿಡು. ಬೆಲ್ಲ ಇಲ್ಲೇ ಇರುತ್ತಲ್ಲ."

"ಬೆಲ್ಲ ನಾವಲ್ಲಮ್ಮ. ಕ್ಲಬ್ಬು."

ಬನ್ನಮ್ಮನ ಕೈ ಹಿಟ್ಟಿನೊಳಗೇ ನಿಂತಿತು. "ಹಾಗಾದ್ರೆ ನಿಮ್ಮಪ್ಪ ಅಷ್ಟು ವರ್ಷ ಹೇಳಿದ್ದು ಸುಳ್ಳಾ?"

ಮಗಳು ಎದ್ದು ಟ್ರೇಗೆ ಎಣ್ಣೆ ಸವರತೊಡಗಿದಳು.

ಹಳೆಯ ಮೈದಾನದ ಕೊನೆಯ ಆಟಕ್ಕೆ ಮಗಳು ಹೇಗೋ ಎರಡು ಟಿಕೆಟ್ ಹೊಂಚಿ ತಂದಳು. ಜೀವಮಾನದಲ್ಲಿ ಒಂದು ಸಲವಾದರೂ ನೋಡಮ್ಮ ಎಂದು ಗೋಗರೆದಳು. ಬನ್ನಮ್ಮ ಟಿಕೆಟ್ಟನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು. ಆಸೆ ಆಯಿತು, ತುಂಬಾ ಆಸೆ ಆಯಿತು. ಆದರೂ ವಾಪಸು ಕೊಟ್ಟಳು.

"ಕೊನೇ ದಿನ ನನ್ನ ಬನ್ನಿಗೆ ಅಂತ ಬಂದವ್ರನ್ನ ಬರಿಗೈಲಿ ಕಳಿಸ್ಲಾ? ನೀನೂ ನಿನ್ನ ಗಂಡನೂ ಹೋಗ್ಬನ್ನಿ."

ಎಂದಿಗಿಂತ ಮೂರು ಪಾಲು ಹಿಟ್ಟು ಕಲಸಿಟ್ಟು ಅವಳು ಹಿಂಬಾಗಿಲಲ್ಲಿ ನಿಂತಳು. ಮೊದಲರ್ಧದಲ್ಲಿ ಗೋಡೆಯಾಚೆ ಒಮ್ಮೆ ಸುಮ್ಮನಾಯಿತು. ನಮಗೆ ಒಂದು ಬಿತ್ತು. ಇರಲಿ, ಹೊತ್ತಿದೆ. ಎರಡನೆಯ ಅರ್ಧದಲ್ಲಿ ಒಂದು ಕೂಗು ಎದ್ದಿತು. ಏರಿತು. ಒಡೆಯಲಿಲ್ಲ, ಇಳಿಯಲೂ ಇಲ್ಲ. ಏರುತ್ತಲೇ ಹೋಗಿ, ಗೋಡೆ ದಾಟಿ, ಅಂಗಡಿಯ ಗಾಜಿನ ಭರಣಿಗಳು ಕಿಣಿಕಿಣಿ ಎನ್ನುವಂತೆ ನಿಂತುಬಿಟ್ಟಿತು. ಅಂಥ ಕೂಗನ್ನು ಅವಳು ಕೇಳಿಯೇ ಇರಲಿಲ್ಲ.

"ಅಕ್ಕಾ, ಏನಂತೆ?" ದರ್ಜಿ ಓಡಿ ಬಂದ.

"ಗೆದ್ದೇಬಿಟ್ರು ಕಣೋ! ಇದು ಸಣ್ಣ ಗೆಲುವಲ್ಲ. ನಿನ್ನ ಮೇಜು ತಂದು ಹೊರಗಿಡು, ನನ್ನದು ಸಾಲಲ್ಲ."

ಗಾಳಿ ಬಂದಾಗ ತೂರಿಕೊಳ್ಳಬೇಕಲ್ಲವೇ. ಇದ್ದಬದ್ದ ಟ್ರೇಗಳನ್ನೆಲ್ಲ ಭಟ್ಟಿಗೆ ತಳ್ಳಿದಳು. ಬೆವರು ಕಣ್ಣಿಗಿಳಿದು ಉರಿಯುತ್ತಿದ್ದರೂ ನಗುತ್ತಿದ್ದಳು. ಕೆಂಪಗೆ ಬೆಂದ ಬನ್ನು ಎರಡೂ ಮೇಜು ತುಂಬಿ ಹಬೆಯಾಡುತ್ತಿದ್ದಾಗ ಆಟ ಮುಗಿಯಿತು. ಓಣಿಗೆ ಯಾರೂ ಬರಲಿಲ್ಲ. ಕೂಗು ಗೋಡೆಯ ಆ ಕಡೆಯಿಂದಲೇ ದೂರ ದೂರ ಹೋಯಿತು. ಬನ್ನಿನ ಹಬೆ ನಿಂತುಹೋದ ಮೇಲೆ ಮಗಳು ಒಬ್ಬಳೇ ಬಂದಳು. ಅತ್ತು ಅತ್ತು ಅವಳ ಕಣ್ಣು ಊದಿತ್ತು.

"ಸೋತ್ವಮ್ಮ. ಮೂರು ಗೋಲು."

"ಮೂರಾ? ನಂಗೆ ಕೇಳಿದ್ದು ಒಂದೇ. ಮತ್ತೆ ಆ ಕೂಗು?"

"ಮಿಕ್ಕಿದ್ದೆರಡು ಆ ಕೂಗಿನೊಳಗೇ ಬಿದ್ವು. ಯಾರೂ ಅದನ್ನ ನೋಡ್ತಾನೇ ಇರ್ಲಿಲ್ಲ. ಎಲ್ಲಾ ಎದ್ದು ನಿಂತು ಹಳೇ ಮೈದಾನಕ್ಕೆ ಕೈ ಮುಗಿದು 'ಹೋಗ್ಬರ್ತೀವಿ' ಅಂತ ಕೂಗಿದ್ದಮ್ಮ ಅದು. ಆಮೇಲೆ ದೊಡ್ಡ ಗೇಟಿಂದ ಆಟಗಾರರ ಬಸ್ಸಿನ ಹಿಂದೆ ಹೊರಟುಬಿಟ್ರು."

ಬೀಳ್ಕೊಳ್ಳುವ ಕೂಗು ಹೇಗಿರುತ್ತದೆಂದು ಅತ್ತೆ ಕಲಿಸಿರಲಿಲ್ಲ. ಪಾಪ, ಅವಳ ಕಾಲದಲ್ಲಿ ಯಾರೂ ಬಿಟ್ಟುಹೋಗಿರಲಿಲ್ಲ.

ಆ ಬನ್ನನ್ನು ಓಣಿಯ ಮನೆಮನೆಗೆ ಹಂಚಿದರು. ಮಿಕ್ಕದ್ದು ನಾಯಿಗಳ ಪಾಲಾಯಿತು. ಬನ್ನಮ್ಮ ಮಾತ್ರ ಸೋಲು ಒಪ್ಪಲಿಲ್ಲ. "ಇವತ್ತು ಬಸ್ಸಿನ ಹಿಂದೆ ಹೋದ್ರು. ಮುಂದಿನ ಆಟದ ದಿನ ನಾಲಿಗೆ ಕೇಳ್ಬೇಕಲ್ಲ? ಬರ್ತಾರೆ ನೋಡು," ಎಂದಳು.

ಹೊಸ ಮೈದಾನದ ಮೊದಲ ಆಟದ ದಿನ ಬಂತು. ಅಷ್ಟರಲ್ಲಿ ದರ್ಜಿ ಅಂಗಡಿಗೆ ಬೀಗ ಹಾಕಿ, ಶಾಲೆ ಬಟ್ಟೆ ಹೊಲಿಯುವ ಕಾರ್ಖಾನೆಗೆ ಸೇರಿದ್ದ. ಸೈಕಲ್ ಸ್ಟ್ಯಾಂಡಿನಲ್ಲಿ ಹುಲ್ಲು ಬೆಳೆದಿತ್ತು. ಬನ್ನಮ್ಮ ಒಗೆದ ಸೀರೆ ಉಟ್ಟು, ಹಿಟ್ಟು ನಾದಿ, ಮೊದಲ ಟ್ರೇ ಇಳಿಸಿ ಕಾದಳು. ಮಧ್ಯಾಹ್ನ ಇಳಿಯುವ ಹೊತ್ತಿಗೆ ಕುತ್ತಿಗೆಗೆ ಕ್ಲಬ್ಬಿನ ಶಾಲು ಸುತ್ತಿಕೊಂಡ ಒಬ್ಬ ಗಂಡಸು ಓಣಿಗೆ ಬಂದ. ದೂರದಿಂದ ಬಂದವನೆಂದು ಚಪ್ಪಲಿಯ ಧೂಳೇ ಹೇಳುತ್ತಿತ್ತು.

"ಅಮ್ಮಾ, ಬಿಸಿ ಬನ್ನು ಇದೆಯಾ?"

ಹೊಟ್ಟೆಗೆ ಹಾಲು ಹುಯ್ದಂತಾಯಿತು ಅವಳಿಗೆ. ಮಗಳತ್ತ ತಿರುಗಿ ಹುಬ್ಬು ಹಾರಿಸಿದಳು. ಇದ್ದುದರಲ್ಲಿ ಚೆನ್ನಾಗಿ ಉಬ್ಬಿದ್ದನ್ನು ಆರಿಸಿ, ಬೆಣ್ಣೆ ಧಾರಾಳವಾಗಿ ಹಚ್ಚಿ, ತಟ್ಟೆಯಲ್ಲಿಟ್ಟು ಕೊಟ್ಟು, ಅವನು ತಿನ್ನುವುದನ್ನೇ ನೋಡುತ್ತ ನಿಂತಳು.

"ಚೆನ್ನಾಗಿದೆ ಕಣಮ್ಮಾ," ಎಂದ ಅವನು. ಆಮೇಲೆ ಗೋಡೆಯತ್ತ ನೋಡಿದ. "ಅಲ್ಲಾ, ಗೇಟು ಯಾಕೆ ಮುಚ್ಚಿದೆ? ಆಟ ಎಷ್ಟೊತ್ತಿಗೆ ಶುರು?"

ಮಗಳು ಒಳಗೆ ಸರಿದಳು. ಬನ್ನಮ್ಮ ಅವನಿಗೆ ಹೊಸ ಮೈದಾನದ ದಾರಿ ಹೇಳಿದಳು. ಯಾವ ಬಸ್ಸು, ಎಲ್ಲಿ ಇಳಿಯಬೇಕು, ಎಲ್ಲವನ್ನೂ ನಿಧಾನವಾಗಿ, ಎರಡೆರಡು ಸಲ. ಅವನು ದುಡ್ಡಿಟ್ಟು ಓಡಿದ. ತಟ್ಟೆಯಲ್ಲಿ ಅರ್ಧ ಬನ್ನು ಉಳಿದಿತ್ತು.

ಅವಳು ಹಿಂಬಾಗಿಲಿಗೆ ಹೋಗಿ ಚಿಲಕ ತೆಗೆದಳು. ಬಾಗಿಲಿಗೆ ಒರಗಿ, ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ, ಎಂದಿನಂತೆ ಗೋಡೆಗೆ ಕಿವಿ ಕೊಟ್ಟು ನಿಂತಳು. ತುಂಬಾ ಹೊತ್ತು ನಿಂತಳು. ಗೋಡೆಯ ಮೇಲಿನ ಬಿಸಿಲು ಇಳಿಯಿತು. ಹಿಂದಿನಿಂದ ಮಗಳು ಬಂದು ಹೆಗಲ ಮೇಲೆ ಕೈಯಿಟ್ಟಳು. ಓಣಿಯವರೆಲ್ಲ ಅಷ್ಟು ವರ್ಷ ಕೇಳಿದ್ದನ್ನೇ ಕೇಳಿದಳು.

"ಏನಂತೆ ಅಮ್ಮ?"

"ಸುಮ್ನಾಗಿದೆ ಕಣೇ," ಎಂದಳು ಬನ್ನಮ್ಮ. "ನಮಗೇ ಬಿತ್ತು. ಹಿಟ್ಟು ಮುಚ್ಚಿಡು."