ಲತಾಮಣಿಯವರಿಗೆ ಮೂರು ಸಲ ಫೋನ್ ಮಾಡಿದರಂತೆ

ಇದು ಶುರುವಾದದ್ದು ಎರಡು ವರ್ಷದ ಹಿಂದೆ, ಮಾಗಿಯ ಮಂಜು ಇನ್ನೂ ಬಿಡದ ಒಂದು ಭಾನುವಾರ, ಬೆಳಗ್ಗೆ ಏಳಕ್ಕೆ ಹತ್ತು ನಿಮಿಷ ಇರುವಾಗ. ರಾಮನಗರದ ರೇಷ್ಮೆ ಹುರಿ ಕಾರ್ಖಾನೆಯೊಂದರ ಗೇಟಿನ ಮುಂದೆ ಸಾತನೂರು ಕಡೆಯ ಹಿರಿಯರೊಬ್ಬರು ಐದು ವರ್ಷದ ಮೊಮ್ಮಗಳ ಕೈ ಹಿಡಿದು ಬಂದು ನಿಂತರು. "ಇಲ್ಲಿ ಕೈಯಾಗೆ ಮಾತಾಡೋ ಅಮ್ಮ ಒಬ್ರು ಅವ್ರಂತಲ್ಲ, ಎಲ್ಲವ್ರಪ್ಪ?" ಎಂದು ಕೇಳಿದರು. ಗೇಟು ಕಾಯುವವನಿಗೆ ಕೇಳಿಸಲಿಲ್ಲ. ಒಳಗೆ ಯಂತ್ರ ಓಡುತ್ತಿದ್ದರೆ ಆ ಗೇಟಿನಲ್ಲಿ ಯಾರಿಗೂ ಏನೂ ಕೇಳಿಸುವುದಿಲ್ಲ.

ಇವತ್ತೂ ಅದೇ ಸದ್ದು. ಹೊರಗೆ ಈಗಷ್ಟೇ ಬೆಳಕು ಹರಿಯುತ್ತಿದೆ. ನಲವತ್ತೈದು ವರ್ಷದ ಲತಾಮಣಿ ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಒಳಗೆ ಬರುತ್ತಾರೆ. ಯಂತ್ರ ಶುರುವಾದ ಕೂಡಲೇ ಅದರ ಕಬ್ಬಿಣದ ಚೌಕಟ್ಟಿನ ಮೇಲೆ ಅಂಗೈ ಇಡುತ್ತಾರೆ, ಹಸುವಿನ ಮೈ ಮುಟ್ಟಿ ಜ್ವರ ನೋಡುವ ಹಾಗೆ. ಉದ್ದಕ್ಕೂ ಸವರಿಕೊಂಡು ಹೋಗಿ ಒಂದು ಕಡೆ ನಿಲ್ಲುತ್ತಾರೆ. ಮೇಸ್ತ್ರಿ ಇಸ್ರಾರ್ ಅವರನ್ನು ಕೈ ಬೀಸಿ ಕರೆದು ಬೆರಳು ತೋರಿಸುತ್ತಾರೆ. ಇಸ್ರಾರ್ ಬಿಚ್ಚಿ ನೋಡಿದರೆ ಬೇರಿಂಗು ಸವೆದಿದೆ.

"ನಂಗೆ ಎರಡು ಕಿವಿ ಐತೆ. ಎರಡೂ ದಂಡ ನೋಡಿ," ಎಂದು ಇಸ್ರಾರ್ ನಗುತ್ತಾರೆ.

ಲತಾಮಣಿ ನೋಡಿಕೊಳ್ಳುವುದು ಎಳೆ ಸುತ್ತುವ ಇನ್ನೂರ ನಲವತ್ತು ಕದಿರು. ಕೂದಲಿಗಿಂತ ಸಣ್ಣ ಎಳೆ ಎಲ್ಲಿ ತುಂಡಾದರೂ ಓಡಿ ಹೋಗಿ ಗಂಟು ಹಾಕಬೇಕು. ದಿನಕ್ಕೆ ನಾನೂರು ಗಂಟಿಗೆ ಮೋಸವಿಲ್ಲ. ಹತ್ತು ಗಂಟೆ ನಿಂತೇ ಕೆಲಸ, ಭಾನುವಾರ ಅರ್ಧ ದಿನ. ಹೀಗೆ ಇಪ್ಪತ್ತಾರು ವರ್ಷ. ಅದೇ ಕಾರ್ಖಾನೆಯಲ್ಲಿ ಹದಿನೆಂಟು ವರ್ಷ ನೂಲು ಸುತ್ತಿ, ಅರ್ಧ ಕಿವಿಯನ್ನು ಅಲ್ಲೇ ಬಿಟ್ಟು ಬಂದವನು ನಾನು. ಅದಕ್ಕೇ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ಮೊದಲ ಹನ್ನೊಂದು ವರ್ಷ ಹಾಜರಿ ಪುಸ್ತಕದಲ್ಲಿ ಲತಾಮಣಿ ಎಂಬ ಹೆಸರೇ ಇರಲಿಲ್ಲ. 'ಮೂಗಿ' ಎಂದು ಬರೆದಿತ್ತು. ಬರೆದವರಿಗೆ ನಾಚಿಕೆಯಾಗಲಿಲ್ಲ. ಓದಿದವರಿಗೂ ಆಗಲಿಲ್ಲ. ಹಾಗೆ ಕರೆದವರಲ್ಲಿ ನಾನೂ ಒಬ್ಬ.

ಮಾಗಡಿ ತಾಲ್ಲೂಕಿನ ಗುಡೇಮಾರನಹಳ್ಳಿ ಅವರ ಊರು. ಹುಟ್ಟಿನಿಂದ ಕಿವಿ ಕೇಳದು. ಶಾಲೆಗೆ ಹೋದದ್ದು ಎಂಟು ದಿನ. ಮೇಷ್ಟ್ರು ಹೆಸರು ಕೂಗಿದಾಗ 'ಹಾಜರ್' ಅನ್ನಲಿಲ್ಲ ಎಂದು ಎಂಟು ದಿನವೂ ಏಟು. ಒಂಬತ್ತನೇ ದಿನ ಅಪ್ಪ ದನದ ಹಗ್ಗ ಕೈಗೆ ಕೊಟ್ಟರು. ಹತ್ತೊಂಬತ್ತು ವರ್ಷದವರೆಗೆ ಅವರಿಗೆ ಗೊತ್ತಿದ್ದದ್ದು ಊಟ, ನೀರು, ಬಾ, ಹೋಗು, ಹೊಡೀತೀನಿ, ಇಷ್ಟೇ.

ಈ ಕಥೆಯನ್ನು ಲತಾಮಣಿ ಕೈಯಲ್ಲಿ ಹೇಳುತ್ತಾರೆ. ಪಕ್ಕದ ಯಂತ್ರದ ಮಾರಕ್ಕ ಅದನ್ನು ಬಾಯಲ್ಲಿ ಹೇಳುತ್ತಾರೆ.

"ನಾಲ್ಕು ಗೋಡೆ ಮಧ್ಯ ಬುಟ್ಟಂಗಿತ್ತು ಅಂತಾಳೆ ಕಣಣ್ಣ. ಆ ಮೇಷ್ಟ್ರು ಈಗ ಸಿಕ್ರೆ ಅದೇ ಕೋಲ್ ಕಿತ್ಕೊಂಡು..."

ಲತಾಮಣಿ ಮಾರಕ್ಕನ ತುಟಿ ನೋಡುತ್ತಿದ್ದವರು ರಪ್ಪನೆ ಅವರ ತೊಡೆಗೆ ಒಂದು ಬಿಡುತ್ತಾರೆ. ಕೈ ಚಕಚಕ ಆಡುತ್ತದೆ.

"ಕೋಲಿನ ವಿಷ್ಯ ಅವಳು ಹೇಳಿಲ್ವಂತೆ," ಎಂದು ಮಾರಕ್ಕ ತೊಡೆ ಉಜ್ಜಿಕೊಳ್ಳುತ್ತಾರೆ. "ಹೇಳಿದ್ದಷ್ಟೇ ಹೇಳು, ನಿನ್ ಒಗ್ಗರಣೆ ಬ್ಯಾಡ ಅಂತಾಳೆ. ಆಯ್ತು ಕಣವ್ವ, ಆಯ್ತು!"

ಲತಾಮಣಿಗೆ ಮಾತು ಸಿಕ್ಕಿದ್ದು ಕಾರ್ಖಾನೆಗೆ ಸೇರಿದ ಮೇಲೆ, ರಾಮನಗರ ರೈಲ್ವೆ ಸ್ಟೇಷನ್ನಿನಲ್ಲಿ. ಎರಡನೇ ಪ್ಲಾಟ್‌ಫಾರಂನ ಕೊನೆಯ ಬೆಂಚಿನ ಹತ್ತಿರ ಟ್ಯೂಬ್‌ಲೈಟ್ ಚೆನ್ನಾಗಿ ಉರಿಯುತ್ತದೆ. ಭಾನುವಾರ ಸಂಜೆ ಅಲ್ಲಿ ಕಿವುಡರೆಲ್ಲ ಸೇರುತ್ತಾರೆ. ಚನ್ನಪಟ್ಟಣದಿಂದ ಗೊಂಬೆ ಕಡೆಯುವವರು, ಮಾಗಡಿಯ ದರ್ಜಿ, ಕನಕಪುರದಲ್ಲಿ ಹಾಲಿನ ಕ್ಯಾನು ಇಳಿಸುವವರು. ಮದುವೆ, ಜಗಳ, ಚಾಡಿ, ತಮಾಷೆ, ಎಲ್ಲ ಕೈಯಲ್ಲೇ. ಕೊನೆಯ ರೈಲು ಬಂದರೂ ಇವರ 'ಹೋಗಿ ಬರ್ತೀನಿ' ಮುಗಿಯುವುದಿಲ್ಲ. ವಾರಪೂರ್ತಿ ಮಾತಿಲ್ಲದವರಿಗೆ ಎದ್ದು ಹೋಗಲು ಮನಸ್ಸು ಹೇಗೆ ಬಂದೀತು?

ಅಲ್ಲಿ ಒಂದು ಕಟ್ಟಳೆ ಇದೆ. ಯಾರೂ ತಮಗೆ ತಾವೇ ಹೆಸರು ಇಟ್ಟುಕೊಳ್ಳುವ ಹಾಗಿಲ್ಲ. ಹೊಸಬರನ್ನು ವಾರಗಟ್ಟಲೆ ನೋಡಿ, ಅವರ ಗುಣವೋ ಅಭ್ಯಾಸವೋ ಒಂದನ್ನು ಹಿಡಿದು, ಕೈಯಲ್ಲಿ ತೋರಿಸುವ ಹೆಸರನ್ನು ಕಿವುಡರೇ ಕೊಡಬೇಕು. ಕೊಟ್ಟರೆ ನೀವು ಅವರ ಪೈಕಿ. ಲತಾಮಣಿಗೆ ಐದನೇ ವಾರ ಸಿಕ್ಕಿತು: ಎರಡು ಬೆರಳಲ್ಲಿ ಎಳೆ ಹಿಡಿದು ಗಂಟು ಬಿಗಿಯುವ ಸನ್ನೆ. ಕಾರ್ಖಾನೆಯ ಪುಸ್ತಕದಲ್ಲಿ ಮೂಗಿಯಾಗಿದ್ದವರಿಗೆ ಪ್ಲಾಟ್‌ಫಾರಂನಲ್ಲಿ ಹೆಸರಿತ್ತು.

ಕಿವಿ ಕೇಳುವವರು ಇದನ್ನೆಲ್ಲ ಯಾಕೆ ಕಲಿಯಲು ಬರುತ್ತಾರೆ? ಕಾರ್ಖಾನೆಯ ಹೆಂಗಸರು ಕಲಿತದ್ದು ಪುಣ್ಯಕ್ಕಲ್ಲ. ಆ ಸದ್ದಿನಲ್ಲಿ ಕಿರುಚಿ ಕಿರುಚಿ ಗಂಟಲು ಹರಿದುಹೋಗುತ್ತಿತ್ತು. ಲತಾಮಣಿ ಒಬ್ಬರೇ ಈ ತುದಿಯಿಂದ ಆ ತುದಿಗೆ ಬೇಕಾದ್ದು ಹೇಳಬಲ್ಲವರಾಗಿದ್ದರು. ಮೊದಲು ಮಾರಕ್ಕ ಕಲಿತರು, ಆಮೇಲೆ ಎಲ್ಲರೂ. ಮೇಸ್ತ್ರಿಯ ಎದುರೇ ಮೇಸ್ತ್ರಿಯನ್ನು ಆಡಿಕೊಳ್ಳುವ ಸುಖ ಬೇರೆ. ಹೊಟ್ಟೆಯ ಮೇಲೆ ಕೈಯಾಡಿಸಿದರೆ ಇಸ್ರಾರ್.

"ಏನ್ ನಗ್ತಾರೆ ಇವ್ರು ಅಂತ ಗೊತ್ತಾಗ್ಬೇಕಲ್ಲ ಸಾರ್, ಅದಕ್ಕೇ ನಾನೂ ಕಲ್ತೆ," ಎನ್ನುತ್ತಾರೆ ಇಸ್ರಾರ್. "ಕಲ್ತ ಮೇಲೆ ಗೊತ್ತಾಯ್ತು, ಹೊಟ್ಟೆ ನಂದೇ ಅಂತ."

ಹಾಜರಿ ಪುಸ್ತಕದ 'ಮೂಗಿ'ಯನ್ನು ಹೊಡೆದು ಹಾಕಿ 'ಲತಾಮಣಿ' ಎಂದು ಬರೆದದ್ದು ಇದೇ ಇಸ್ರಾರ್.

ಗೇಟಿಗೆ ಬಂದ ಹಿರಿಯರ ಹೆಸರು ಬೋರಲಿಂಗಯ್ಯ. ಮೊಮ್ಮಗಳು ಸಿರಿ, ಕಿವಿ ಕೇಳದ ಮಗು. ಆ ಭಾನುವಾರ ಮಧ್ಯಾಹ್ನ ಕೆಲಸ ಬಿಡುವವರೆಗೂ ಅಜ್ಜ ಗೇಟಿನ ಕಲ್ಲಿನ ಮೇಲೆ ಕೂತೇ ಇದ್ದರು. ಅವತ್ತಿನಿಂದ ಕಾರ್ಖಾನೆಯ ಹಿಂದಿನ ಅಂಗಳದಲ್ಲಿ ಪಾಠ. ಸಾತನೂರಿನಿಂದ ಮೊದಲ ಬಸ್ಸು, ಕನಕಪುರದಲ್ಲಿ ಇಳಿದು ಇನ್ನೊಂದು ಬಸ್ಸು. ಎರಡು ವರ್ಷದಲ್ಲಿ ತಪ್ಪಿಸಿದ್ದು ನಾಲ್ಕೇ ಭಾನುವಾರ.

"ಊರಾಗೆ ನಗ್ತಾರೆ, ಮುದುಕನಿಗೆ ಕೋಲಾಟ ಬಂತು ಅಂತ," ಎನ್ನುತ್ತಾರೆ ಬೋರಲಿಂಗಯ್ಯ. "ದನದ ಯಾಪಾರದಾಗೆ ಟವಲ್ ಕೆಳಗೆ ಬೆರಳು ಹಿಡ್ಕೊಂಡು ಜೋಡಿ ಎತ್ತಿನ ರೇಟು ಮಾತಾಡ್ಲಿಲ್ವ ನಾವು? ಅದು ಮಾತು. ನನ್ ಕೂಸಿನ ಕೈ ಆಡಿದ್ರೆ ಮಾತಲ್ವ? ಇವಳಿಗೆ ಹೊಟ್ಟೆನೋವೋ ಹೆದ್ರಿಕೆಯೋ ಅಂತ ತಿಳ್ಕೊಳ್ದೆ ಐದು ವರ್ಷ ಸಾಕಿದ್ದೀನಿ. ಅದಕ್ಕಿಂತ ನಗಾಡೋ ವಿಷ್ಯ ಯಾವ್ದೈತೆ?"

ಸಿರಿಗೆ ಲತಾಮಣಿ ಕೊಟ್ಟ ಹೆಸರು, ಕೆನ್ನೆಯ ಪಕ್ಕದಲ್ಲಿ ಅಂಗೈ ಚಾಚಿ ಅಲೆಅಲೆಯಾಗಿ ಆಡಿಸುವುದು. ಬಸ್ಸಿನ ಕಿಟಕಿಯಿಂದ ಕೈ ಹಾಕಿ ಗಾಳಿ ಸವರುವವಳು ಎಂದು. ಹೆಸರು ಸಿಕ್ಕ ದಿನ ಆ ಹುಡುಗಿ ಸಿಕ್ಕಸಿಕ್ಕವರಿಗೆಲ್ಲ ಅದನ್ನೇ ತೋರಿಸಿದಳು, ಬಸ್ ಕಂಡಕ್ಟರಿಗೂ.

ಸುದ್ದಿ ಹರಡಿತು. ಕಲಿಯಲು ಬೇರೆ ತರಹದವರೂ ಬಂದರು. ಮೊಬೈಲು ಹಿಡಿದು ಬಂದರು, 'ನಮಸ್ಕಾರ', 'ಧನ್ಯವಾದ' ಎರಡು ಸನ್ನೆ ಕಲಿತು ಲತಾಮಣಿಯ ಹೆಗಲ ಮೇಲೆ ಕೈ ಹಾಕಿ ಪಟ ತೆಗೆಸಿಕೊಂಡು ಹೋದರು. ಬಾಯಿ ಮುಚ್ಚಿ ಒಂದು ಗಂಟೆ ಕೂರಬೇಕು ಎಂಬುದು ಲತಾಮಣಿಯ ಮೊದಲ ಪಾಠ. ಹತ್ತು ನಿಮಿಷ ಕೂರಲಾಗದವರು ಕಿವುಡರ ಬಗ್ಗೆ ಭಾಷಣ ಮಾಡಲು ತಾಲ್ಲೂಕು ತಾಲ್ಲೂಕು ತಿರುಗಿದರು. ಅಂಥ ಒಂದು ಸಮಾರಂಭಕ್ಕೆ ಲತಾಮಣಿಯವರನ್ನೂ ಕರೆದಿದ್ದರು. ವೇದಿಕೆಗಲ್ಲ. ಕೊನೆಯ ಸಾಲಿಗೆ.

ಕಳೆದ ವರ್ಷ ಕನಕಪುರದಲ್ಲಿ ಟ್ರಸ್ಟೊಂದು ಕಿವುಡ ಮಕ್ಕಳಿಗೆ ತರಗತಿ ತೆರೆಯಿತು. ಹನ್ನೊಂದು ಮಕ್ಕಳು, ಸಿರಿಯೂ ಸೇರಿ. ಟೀಚರ್ ಬೇಕೆಂದು ಜಾಹೀರಾತು ಬಂತು. ಲತಾಮಣಿ ಅರ್ಜಿ ಹಾಕಿದರು. ಮಾರಕ್ಕನ ಮಗಳು ಬರೆದುಕೊಟ್ಟಳು, ಹುಟ್ಟಿನಿಂದ ಕಿವುಡಿ ಎಂದು ಮೊದಲ ಸಾಲಿನಲ್ಲೇ. ತಿಂಗಳಾದರೂ ಉತ್ತರವಿಲ್ಲ. ಮಾರಕ್ಕನೇ ಕನಕಪುರಕ್ಕೆ ಹೋಗಿ ಕೇಳಿದರು. ಗುಮಾಸ್ತರು ಫೈಲು ತಿರುವಿದರು.

"ಫೋನ್ ಮಾಡಿದ್ವಲ್ಲಮ್ಮ, ಮೂರು ಸಲ. ಎತ್ಲಿಲ್ಲ. ಆಸಕ್ತಿ ಇಲ್ಲ ಅಂತ ಬರ್ಕೊಂಡ್ವಿ."

ನಿಮಗೆ ನಗು ಬಂತೆ? ಮಾರಕ್ಕನಿಗೆ ಬರಲಿಲ್ಲ. "ಸ್ವಾಮಿ, ಕುರುಡರಿಗೆ ಕಾಗ್ದ ಹಾಕಿ ಓದ್ಲಿಲ್ಲ ಅಂತ ಬರ್ಕೊತೀರ?" ಎಂದು ಕೇಳಿದರಂತೆ. ಆಮೇಲೆ ಗುಮಾಸ್ತರು ಇನ್ನೊಂದು ಕಾರಣ ಹುಡುಕಿದರು: ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಇಲ್ಲ. 'ಹಾಜರ್' ಅನ್ನದ್ದಕ್ಕೆ ಹೊಡೆದು ಶಾಲೆ ಬಿಡಿಸಿದವರೂ ನಾವೇ, ಅಂಕಪಟ್ಟಿ ಎಲ್ಲಿ ಎಂದು ಕೇಳುವವರೂ ನಾವೇ.

ಕೆಲಸ ಸಿಕ್ಕಿದ್ದು ಕುದೂರಿನ ಸೌಮ್ಯಶ್ರೀ ಎಂಬ ಹುಡುಗಿಗೆ. ಡಿಗ್ರಿ ಇದೆ, ಕಿವಿ ಇದೆ. ಸನ್ನೆ ಕಲಿತದ್ದು ಲತಾಮಣಿಯ ಅಂಗಳದಲ್ಲಿ, ಆರು ಭಾನುವಾರ. ಮೊದಲ ದಿನವೇ 'ನನಗೊಂದು ಹೆಸರು ಕೊಡಿ' ಎಂದು ಕೇಳಿದ್ದರು. 'ಇನ್ನೂ ನೋಡಬೇಕು' ಎಂದಿದ್ದರು ಲತಾಮಣಿ.

ಸೌಮ್ಯಶ್ರೀ ಕೆಟ್ಟವರಲ್ಲ. ಅವಸರದವರು. ತರಗತಿಯ ಮೊದಲ ದಿನ ಹನ್ನೊಂದು ಮಕ್ಕಳಿಗೂ ತಾವೇ ಹೊಸ ಹೆಸರಿಟ್ಟರು, ಇಂಗ್ಲಿಷಿನ ಮೊದಲಕ್ಷರವನ್ನು ಬೆರಳಲ್ಲಿ ಮಾಡಿ ಕೆನ್ನೆಗೆ ಮುಟ್ಟಿಸಿ. ಸಿರಿಗೂ ಹಳೆಯ ಹೆಸರಿನ ಬದಲು 'ಎಸ್' ಎಂದು ಒಂದು ಮುಷ್ಟಿ ಬಂತು. ಸಿರಿ ಅದಕ್ಕೆ ತಿರುಗಲಿಲ್ಲ. ಎರಡನೇ ದಿನ, ಹತ್ತನೇ ದಿನ, ಮೂರನೇ ತಿಂಗಳೂ ತಿರುಗಲಿಲ್ಲ. ಅವಳ ಹೆಸರು ಅದಾಗಿರಲಿಲ್ಲ. ವರದಿಯಲ್ಲಿ ಟೀಚರ್ ಬರೆದರು: 'ಗಮನ ಕೊಡುವುದಿಲ್ಲ. ಬುದ್ಧಿ ಮಂದ.' ಮುಂದಿನ ತಿಂಗಳಿಂದ ಮಗುವನ್ನು ಕರೆತರಬೇಡಿ ಎಂದು ಟ್ರಸ್ಟು ಅಜ್ಜನಿಗೆ ಹೇಳಿತು.

ಬೋರಲಿಂಗಯ್ಯ ಆ ಕಾಗದ ಹಿಡಿದು ನೇರ ರಾಮನಗರಕ್ಕೆ ಬಂದರು. ಲತಾಮಣಿ ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ ಓಡುವ ಯಂತ್ರವನ್ನು ಇನ್ನೊಬ್ಬರ ಕೈಗೆ ಬಿಟ್ಟು, ಮಾರಕ್ಕನನ್ನು ಎಳೆದುಕೊಂಡು ಕನಕಪುರದ ಬಸ್ಸು ಹತ್ತಿದರು.

ತರಗತಿಯ ಬಾಗಿಲಲ್ಲಿ ನಿಂತು ಲತಾಮಣಿ ಕಾಲಿನಿಂದ ನೆಲವನ್ನು ಎರಡು ಸಲ ಗುದ್ದಿದರು. ನೆಲದ ಅದುರು ತಾಗಿ ಹನ್ನೊಂದು ಮುಖವೂ ತಿರುಗಿದವು. ಅವರು ಕೆನ್ನೆಯ ಪಕ್ಕ ಅಂಗೈ ಚಾಚಿ ಗಾಳಿ ಸವರಿದರು. ಸಿರಿ ಬೆಂಚು ಹಾರಿ ಓಡಿ ಬಂದಳು. ಬಂದವಳು ನಿಲ್ಲಿಸದೆ ಮಾತಾಡಿದಳು. ಹಸು ಕರು ಹಾಕಿದೆ, ಕರುವಿನ ಹಣೆ ಬಿಳಿ, ಅಜ್ಜ ಅದಕ್ಕೆ ನನ್ನ ರಿಬ್ಬನ್ ಕಟ್ಟಿದ್ದಾರೆ, ಈ ಟೀಚರ್ ಗೋಡೆ ಕಡೆ ತಿರುಗಿಕೊಂಡು ಪಾಠ ಮಾಡುತ್ತಾರೆ.

"ಬುದ್ಧಿ ಮಂದ ಅಂದ್ರಲ್ಲ, ಆ ಕೂಸು ಹೇಳಿದ್ರಾಗೆ ಅರ್ಧ ನಂಗೇ ಹಿಡಿಯಕ್ಕಾಗ್ಲಿಲ್ಲ ಕಣಣ್ಣ," ಎನ್ನುತ್ತಾರೆ ಮಾರಕ್ಕ. "ಕೊನೇ ಮಾತ್ನ ಮಾತ್ರ ಆ ಟೀಚರಮ್ಮನಿಗೆ ಗಟ್ಟಿಯಾಗಿ ಹೇಳ್ಬುಟ್ಟೆ."

ಸೌಮ್ಯಶ್ರೀ ವರದಿ ತರಿಸಿ, ತಾವು ಬರೆದ ಸಾಲನ್ನು ಹೊಡೆದು ಹಾಕಿ, 'ತಪ್ಪು ನನ್ನದು, ಮಗುವಿನದಲ್ಲ' ಎಂದು ಬರೆದು ಪಕ್ಕದಲ್ಲಿ ಸಹಿ ಮಾಡಿದರು. ಟ್ರಸ್ಟಿನವರ ಹತ್ತಿರ ಹೋಗಿ, ಈ ಕುರ್ಚಿ ಲತಾಮಣಿಯವರದು, ನಾನು ಬೇಕಾದರೆ ಅವರ ಕೈಕೆಳಗೆ ಕೂರುತ್ತೇನೆ ಎಂದರು. ನಿಯಮದಲ್ಲಿ ಅವಕಾಶ ಇಲ್ಲ ಎಂದಾಯಿತು. ಒಂದು ತಿಂಗಳಲ್ಲಿ ಮೂರು ಸಲ ಹೋಗಿ ಕೇಳಿದರು. ಆಮೇಲೆ ರಾಜೀನಾಮೆ ಕೊಟ್ಟರು.

ಈಗ ತರಗತಿಗೆ ಬೀಗ. ಹನ್ನೊಂದು ಮಕ್ಕಳು ಮನೆಯಲ್ಲಿ. ಹೊಸ ಜಾಹೀರಾತು ಬಂದಿದೆ. ಕೆಳಗೆ ದಪ್ಪ ಅಕ್ಷರದಲ್ಲಿ ಹೀಗಿದೆ: 'ಆಸಕ್ತರು ಕರೆ ಮಾಡಿ.'

ಮತ್ತೆ ಅರ್ಜಿ ಹಾಕುತ್ತೀರಾ ಎಂದು ಕೇಳಿದರೆ ಲತಾಮಣಿ ಎಳೆಗೆ ಗಂಟು ಹಾಕಿ ಮುಗಿಸಿ, ಆಮೇಲೆ ಕೈ ಎತ್ತುತ್ತಾರೆ. ಮಾರಕ್ಕ ಈ ಸಲ ಒಗ್ಗರಣೆ ಇಲ್ಲದೆ ಹೇಳುತ್ತಾರೆ: "ಹಾಕ್ತೀನಿ. ಕುರ್ಚಿ ಬ್ಯಾಡ, ಮೇಡಂ ಅಂತ ಕರೆಯದೂ ಬ್ಯಾಡ. ಆ ಹನ್ನೊಂದು ಮಕ್ಳು ನನ್ ಥರ ಹತ್ತೊಂಬತ್ತು ವರ್ಷ ಕಾಯಬಾರ್ದು. ನಾನು ತುಂಡಾಗಿದ್ದ ಕಡೆ ಗಂಟಾಕೋಳು. ಅಷ್ಟು ಮಾಡಕ್ಕೆ ಬುಟ್ರೆ ಸಾಕು."

ಸೌಮ್ಯಶ್ರೀ ಊರಿಗೆ ಹೊರಡುವ ಮುಂಚೆ ರಾಮನಗರಕ್ಕೆ ಬಂದು ಲತಾಮಣಿಯವರನ್ನು ಕಂಡರು. ಭಾನುವಾರ ಮಾತ್ರ ಅಂಗಳಕ್ಕೆ ಬರುತ್ತೇನೆ, ಕಲಿಯುವುದಕ್ಕೆ, ಎಂದರು. ಲತಾಮಣಿ ಬಸ್ ಸ್ಟ್ಯಾಂಡಿನವರೆಗೂ ಹೋದರು. ಮಾಗಡಿ ಬಸ್ಸು ಹೊರಟಿತು. ಮುಚ್ಚಿದ ಗಾಜಿನ ಆಚೆ ಸೌಮ್ಯಶ್ರೀ ಜಾರಿದ ಕನ್ನಡಕವನ್ನು ಎಂದಿನಂತೆ ಮಣಿಕಟ್ಟಿನಿಂದ ಮೇಲೆ ತಳ್ಳಿಕೊಂಡರು. ಕೆಳಗೆ ನಿಂತಿದ್ದ ಲತಾಮಣಿ ತಮ್ಮ ಮಣಿಕಟ್ಟನ್ನು ಮೂಗಿನ ಮೇಲಿಟ್ಟು ಮೆಲ್ಲಗೆ ಮೇಲೆ ತಳ್ಳಿ, ಅವರ ಕಡೆ ಬೆರಳು ತೋರಿಸಿದರು. ಅದು ಹೆಸರು. ಬಸ್ಸು ತಿರುವು ದಾಟುವವರೆಗೂ ಗಾಜಿನ ಆಚೆಯಿಂದ ಅದೇ ಸನ್ನೆ, ಮತ್ತೆ ಮತ್ತೆ. ಸೌಮ್ಯಶ್ರೀ ಹೋದದ್ದು ಮೊನ್ನೆ ಶುಕ್ರವಾರ. ಇವತ್ತು ಭಾನುವಾರ.