ಹಾಲೂಡಿಸುವ ಬಿಡುವು

ಎಂಬತ್ತರ ದಶಕದಲ್ಲಿ ನಾನು ನಿಪ್ಪಾಣಿಯ ಒಂದು ತಂಬಾಕಿನ ವಖಾರಿಯಲ್ಲಿ ಜರಡಿ ಹಿಡಿಯುತ್ತಿದ್ದೆ. ಎಳೆಗೂಸು ಮನೆಯಲ್ಲಿ ಅತ್ತೆಯ ಹತ್ತಿರ ಇರುತ್ತಿತ್ತು. ಹಾಲೂಡಿಸಲು ನಡುವೆ ಹೊರಗೆ ಬಿಡುತ್ತಿರಲಿಲ್ಲ. ಒಮ್ಮೆ ನನ್ನ ಪಕ್ಕದಲ್ಲಿ ಕೂರುತ್ತಿದ್ದ ಗೆಳತಿ ಹೇಳದೆ ಹೋಗಿ ತನ್ನ ಕೂಸಿಗೆ ಹಾಲು ಕೊಟ್ಟು ಬಂದಳು. ಮಾಲೀಕರು ಅವಳನ್ನು ಕೆಲಸದಿಂದ ತೆಗೆದರು.

ಮರುದಿನ ನಮ್ಮ ಕಾರ್ಮಿಕ ಸಂಘದ ಹೆಂಗಸರೆಲ್ಲ ಕೆಲಸ ಬಿಟ್ಟು ಅಂಗಳದಲ್ಲಿ ಕೂತೆವು. ಮಾಲೀಕರ ಹತ್ತಿರ ಮಾತಾಡಲು ಒಳಗೆ ಹೋದ ನಾಲ್ವರಲ್ಲಿ ನಾನೂ ಒಬ್ಬಳು. ಗಂಡನಿಗೆ ಆಗ ಕೆಲಸವಿರಲಿಲ್ಲ. ನನ್ನದೂ ಹೋದರೆ ಒಲೆ ಉರಿಯುವುದು ಹೇಗೆಂಬ ಚಿಂತೆಯಿತ್ತು.

ಮಾಲೀಕರು ನನ್ನನ್ನೇ ನೋಡಿದರು. "ನಿನಗೂ ಸಣ್ಣ ಕೂಸ ಐತಲ್ಲ? ನೀ ದಿನಾ ಮಧ್ಯಾಹ್ನ ಹೋಗಿ ಬಾ, ನಾ ಏನೂ ಅನ್ನೂದಿಲ್ಲ. ಉಳದವರ ಉಸಾಬರಿ ನಿನಗ್ಯಾಕ?"

ಹೂಂ ಅನ್ನುವ ಆಸೆಯಾಯಿತು. ಜೊತೆಗಿದ್ದ ಮೂವರೂ ನನ್ನ ಮುಖ ನೋಡುತ್ತಿದ್ದರು.

"ನನಗೊಬ್ಬಾಕಿಗೆ ಬ್ಯಾಡ್ರಿ ಸಾವಕಾರ್ರ," ಅಂದೆ. "ಕೂಸಿದ್ದವರಿಗೆಲ್ಲಾ ಬಿಡ್ರಿ. ಆಕಿನ್ನೂ ಮತ್ತ ಕೆಲಸಕ್ಕ ತಗೋರಿ."

"ಹೊರಗ ನಡೀರಿ," ಎಂದರು.

ಸಂಜೆಯವರೆಗೆ ಬಿಸಿಲಲ್ಲಿ ಕೂತೆವು. ಒಬ್ಬಳು ಎದ್ದು ಕೆಲಸಕ್ಕೆ ಒಳಗೆ ಹೋದರೂ ಎಲ್ಲ ಮುಗಿಯಿತೆಂದು ನಾನು ಒಬ್ಬೊಬ್ಬರನ್ನೇ ದಿಟ್ಟಿಸುತ್ತಿದ್ದೆ. ಯಾರೂ ಏಳಲಿಲ್ಲ. ಹೊತ್ತು ಮುಳುಗುವಾಗ ಗುಮಾಸ್ತ ಬಂದು, "ಸಾವಕಾರ್ರು ಎರಡೂ ಮಾತಿಗೆ ಒಪ್ಯಾರ. ನಾಳೆ ಆಕಿನ್ನೂ ಕರಕೊಂಡ ಬರ್ರಿ," ಅಂದ.

ಮಾರನೆಯ ಮಧ್ಯಾಹ್ನ ಗೆಳತಿಯೂ ನಾನೂ ಒಟ್ಟಿಗೆ ಮನೆಯ ಕಡೆ ಹೊರಟೆವು. ಎಲ್ಲಿ ಹಿಂದಿನಿಂದ ಕರೆದುಬಿಡುತ್ತಾರೋ ಎಂದು ಸರಸರ ನಡೆದೆವು. ಮೈಮೇಲಿನ ತಂಬಾಕಿನ ಧೂಳು ತೊಳೆದುಕೊಂಡು ಕೂಸನ್ನು ಎತ್ತಿಕೊಂಡೆ; ಹಾಲೂಡಿಸುವಾಗಲೂ ನನ್ನ ಕಣ್ಣು ಬಾಗಿಲ ಕಡೆಗೇ ಇತ್ತು.